ಕಸ್ತೂರೆವ್ವ ಬೆಳ್ಳುಳ್ಳಿ ತಿಂದಿಲ್ಲ

೧

ಎಲ್ಲಿಂದ ಶುರು ಮಾಡಲಿ? ನಿನ್ನೆ ಸಂಜೆ ಐದೂವರೆಯವರೆಗೆ ಈ ಪ್ರಶ್ನೆಯೇ ನನಗಿರಲಿಲ್ಲ. ನನ್ನ ಹತ್ತಿರ ಚೆಂದದ ಮೊದಲ ಸಾಲೊಂದಿತ್ತು. ಓದಿದವರು ಅಲ್ಲೇ ನಗಬೇಕು, ಅಂಥದ್ದು. ಈಗ ಅದೇ ಸಾಲು ಕಣ್ಣಿಗೆ ಬಿದ್ದರೆ ಹಾಳೆಯನ್ನು ಮಗುಚಿ ಇಡುತ್ತೇನೆ.

ಆದರೂ ಅದನ್ನು ನಿಮಗೆ ತೋರಿಸಿಯೇ ಮುಂದೆ ಹೋಗುತ್ತೇನೆ. ಬಚ್ಚಿಟ್ಟರೆ ಅದು ಎರಡನೇ ಮೋಸವಾಗುತ್ತದೆ. (ಮೊದಲನೆಯದು ಯಾವುದು ಎಂದು ಈಗಲೇ ಕೇಳಬೇಡಿ. ಹೇಳುವಷ್ಟು ಧೈರ್ಯ ಇನ್ನೂ ಬಂದಿಲ್ಲ. ಧೈರ್ಯ ತಂದುಕೊಳ್ಳುವುದಕ್ಕೆ ಕಥೆಗಾರನಿಗೆ ಒಂದೆರಡು ಪುಟ ಬೇಕಾಗುತ್ತದೆ.)

ಈಗ ಶುಕ್ರವಾರ, ಬೆಳಗಿನ ಒಂಬತ್ತು ಗಂಟೆ. ಕಸ್ತೂರೆವ್ವ ಹತ್ತೂವರೆಯ ಬಸ್ಸಿಗೆ ಬರುತ್ತಾಳೆ, ಹನ್ನೊಂದಕ್ಕೆ ಪುಡಿ ಅರೆಯಲು ಕೂಡುತ್ತಾಳೆ. ಅಷ್ಟರೊಳಗೆ ನಾನು ಏನಾದರೂ ಒಂದನ್ನು ಬರೆದು ಮುಗಿಸಬೇಕು ಅಥವಾ ಬರೆಯುವುದನ್ನು ಬಿಟ್ಟು ಎದ್ದು ಹೋಗಬೇಕು.

೨. ಕರಡು ಒಂದು (ಕೈಬಿಟ್ಟದ್ದು)

"ಈ ವರ್ಷದ ಶ್ರಾವಣಕ್ಕೆ ಬೆಳ್ಳುಳ್ಳಿ ಒಗ್ಗರಣೆ ಬಿದ್ದದ್ದು ನಮ್ಮ ಕಾಲೇಜಿನ ಫಿಸಿಕ್ಸ್ ಲ್ಯಾಬಿನಲ್ಲಿ."

ಇದೇ ಆ ಸಾಲು. ಬರೆದಾಗ ನಾನೇ ನಾಲ್ಕು ಸಲ ಓದಿಕೊಂಡು ಖುಷಿಪಟ್ಟಿದ್ದೆ.

ನನ್ನ ಪರಿಚಯ ಹೇಳಿಬಿಡುತ್ತೇನೆ. ಹೆಸರು ಮಿಲಿಂದ. ಕುಂದಗೋಳದ ಕಡೆಯ ಒಂದು ಡಿಗ್ರಿ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. (ಕಾಲೇಜು ಕಲ್ಪಿತ, ಅದಿರುವ ಊರೂ ಕಲ್ಪಿತ. ಹೀಗೆಂದು ಮೊದಲೇ ಹೇಳಿಕೊಳ್ಳುವುದರಲ್ಲಿ ಎಷ್ಟು ಅನುಕೂಲವಿದೆ ಎಂಬುದು ನನಗೆ ನಿನ್ನೆಯಷ್ಟೇ ತಿಳಿಯಿತು.) ಕಾಲೇಜಿನ ವಾರ್ಷಿಕ ಸಂಚಿಕೆಯ ಸಂಪಾದಕನೂ ನಾನೇ. ಹೋದ ವಾರ ಪ್ರಿನ್ಸಿಪಾಲರು ಕರೆಸಿ, ನಮ್ಮ ಮಲ್ಲಿಕಾ ಮೇಡಂ ಏನೋ ದೊಡ್ಡದು ಸಾಧಿಸಿದ್ದಾರೆ, ಅದರ ಮೇಲೆ ಒಂದು ಸರಳವಾದ, ತಮಾಷೆಯ ಕಥೆ ಬರೆಯಿರಿ, ಹಳ್ಳಿಯ ಹುಡುಗರಿಗೂ ವಿಜ್ಞಾನ ರುಚಿಸಬೇಕು ಎಂದರು. ರುಚಿಸುವುದು ಎಂಬ ಮಾತು ಅವರದೇ. ನಾನು ಕೂಡಲೇ ಹೂಂ ಅಂದೆ, ಯಾಕೆಂದರೆ ನಾನು ತಮಾಷೆಗೆ ಹೆಸರಾದವನು. ಸ್ಟಾಫ್ ರೂಮಿನಲ್ಲಿ ನಾನು ಬಾಯಿ ಬಿಟ್ಟರೆ ಹತ್ತು ಜನ ನಗುತ್ತಾರೆ.

೩. ವಿಜ್ಞಾನದ ಭಾಗ (ಹಾರಿಸಬೇಡಿ, ಚಿಕ್ಕದಿದೆ)

ಮಲ್ಲಿಕಾ ನವಲಗುಂದದವಳು, ನಮ್ಮಲ್ಲಿ ಫಿಸಿಕ್ಸಿನ ಅತಿಥಿ ಉಪನ್ಯಾಸಕಿ. ಪಾಠ ಮಾಡುತ್ತಲೇ ಪಿಎಚ್‌ಡಿ ಮಾಡುತ್ತಿದ್ದಾಳೆ. ಆರು ವರ್ಷವಾಯಿತು, ಈ ವರ್ಷದ ಕೊನೆಗೆ ಅವಧಿ ಮುಗಿಯುತ್ತದೆ. ಅವಳು ನನಗೆ ತಿಳಿಸಿ ಹೇಳಿದ್ದು ಹೀಗೆ.

ಕೆಲವು ವಸ್ತುಗಳನ್ನು ವಿಪರೀತ ತಣ್ಣಗೆ ಮಾಡಿದರೆ ಅವುಗಳಲ್ಲಿ ಕರೆಂಟು ಒಂದಿಷ್ಟೂ ಪೋಲಾಗದೆ ಹರಿಯುತ್ತದೆ. ಅವಕ್ಕೆ ಅತಿವಾಹಕ ಅನ್ನುತ್ತಾರೆ. ಮಲ್ಲಿಕಾಳದ್ದು ಕಬ್ಬಿಣದ ಅತಿವಾಹಕ. ಕಬ್ಬಿಣ, ಸೆಲೆನಿಯಂ, ಟೆಲ್ಲುರಿಯಂ ಎಂಬ ಮೂರು ಪುಡಿಗಳನ್ನು ತೂಗಿ, ಅಂಗೈಯಷ್ಟು ಕಲ್ಲಿನ ಒರಳಿನಲ್ಲಿ ಅರೆದು, ಒತ್ತಿ ಗುಳಿಗೆ ಮಾಡಿ, ಗಾಳಿ ತೆಗೆದ ಗಾಜಿನ ನಳಿಗೆಯಲ್ಲಿ ಮುಚ್ಚಿ ಕುಲುಮೆಯಲ್ಲಿ ಬೇಯಿಸುತ್ತಾಳೆ. ಆದರೆ ಅದರಲ್ಲಿಯೂ ಬೇಕಾದಷ್ಟು ಕರೆಂಟು ಹರಿಸಲು ಬರುವುದಿಲ್ಲ. ಒಂದು ಮಿತಿ ಇದೆ, ಅದಕ್ಕೆ ಕ್ರಿಟಿಕಲ್ ಕರೆಂಟ್ ಎಂದು ಹೆಸರು. ಆ ಮಿತಿ ದಾಟಿದರೆ ಒಳಗೆ ಹೊಕ್ಕ ಕಾಂತಕ್ಷೇತ್ರದ ಸಣ್ಣ ಸಣ್ಣ ಸುಳಿಗಳು ಜಾಗ ಬಿಟ್ಟು ಅಲೆಯತೊಡಗುತ್ತವೆ. ಅವು ಅಲೆದರೆ ಕರೆಂಟು ಪೋಲು, ಎಲ್ಲಾ ಕೆಟ್ಟಂತೆ.

ಸುಳಿಗಳನ್ನು ಕಟ್ಟಿಹಾಕಬೇಕೆಂದರೆ ಗೂಟ ಬೇಕು. ಆ ಗೂಟ ಎಂದರೆ ಹರಳಿನೊಳಗಿನ ದೋಷ. ಅಪ್ಪಟ ಶುದ್ಧ ಹರಳಿನಲ್ಲಿ ಗೂಟವೇ ಇರುವುದಿಲ್ಲ, ಸುಳಿಗಳು ದನದ ಹಾಗೆ ಎಲ್ಲೆಂದರಲ್ಲಿ ನುಗ್ಗುತ್ತವೆ. ಅದಕ್ಕೇ ಮಲ್ಲಿಕಾ ಬೇಕಂತಲೇ ಒಂದು ಚಿಟಿಕೆ ನಾಲ್ಕನೇ ಪುಡಿಯನ್ನು ಬೆರೆಸಿ ದೋಷ ಹುಟ್ಟಿಸುತ್ತಾಳೆ. ಹೆಚ್ಚಾದರೆ ಅತಿವಾಹಕವೇ ಸಾಯುತ್ತದೆ. ಕಡಿಮೆಯಾದರೆ ಕಟ್ಟಿದ್ದು ನಿಲ್ಲುವುದಿಲ್ಲ. ಒಂದೇ ಕಡೆ ಗುಂಪಾದರೂ ಪ್ರಯೋಜನವಿಲ್ಲ, ಎಲ್ಲ ಕಡೆ ಸಮನಾಗಿ ಹರಡಿರಬೇಕು.

(ಈ ಭಾಗ ಓದಿದ ಮಲ್ಲಿಕಾ, ಸುಳಿಗೂ ದನಕ್ಕೂ ಸಂಬಂಧವಿಲ್ಲ, ಇದನ್ನು ತೆಗೆಯಿರಿ ಎಂದು ಜಗಳ ತೆಗೆದಳು. ನಾನು ಗೂಟ ಉಳಿಸಿಕೊಂಡು ದನ ಬಿಡುತ್ತೇನೆ ಎಂದೆ. ಗೂಟ ಇದ್ದ ಮೇಲೆ ದನ ಎಲ್ಲಿ ಹೋಗುತ್ತದೆ ಎಂದು ಅವಳೂ ನಕ್ಕಳು. ಅದು ಬುಧವಾರ. ಬುಧವಾರ ನಾವೆಲ್ಲ ಬಹಳ ನಗುತ್ತಿದ್ದೆವು.)

ಅರೆಯುವ ಯಂತ್ರಕ್ಕೆ ಹಾಕಿದರೆ ಆ ನಾಲ್ಕನೇ ಪುಡಿ ಹೆಪ್ಪುಗಟ್ಟಿ ಒಂದು ಮೂಲೆಗೆ ಸೇರುತ್ತಿತ್ತು. ಮಲ್ಲಿಕಾ ತಾನೇ ಅರೆದು ನೋಡಿದಳು, ಆಗಲಿಲ್ಲ. ಕೊನೆಗೆ ಲ್ಯಾಬಿನ ಅಟೆಂಡರ್ ಕಸ್ತೂರೆವ್ವನ ಕೈಗೆ ಒರಳು ಕೊಟ್ಟಳು. ಶ್ರಾವಣದ ಮೊದಲ ವಾರ ಕಸ್ತೂರೆವ್ವ ಅರೆದ ಪುಡಿಯ ಗುಳಿಗೆಯನ್ನು ದೂರದ ಒಂದು ದೊಡ್ಡ ಸಂಸ್ಥೆಗೆ ಅಳತೆಗೆ ಕಳಿಸಿದರು. ಉತ್ತರ ಬಂತು. ಕ್ರಿಟಿಕಲ್ ಕರೆಂಟು ಎರಡೂವರೆ ಪಟ್ಟು ಏರಿತ್ತು. ಮಲ್ಲಿಕಾ ಕಾರಿಡಾರಿನಲ್ಲಿ ನಿಂತು ಅತ್ತಳು. ಇದೇ ಫಲಿತಾಂಶ ಇನ್ನೊಂದು ಸಲ ಬಂದರೆ ಪೇಪರು, ಪೇಪರು ಬಂದರೆ ಪಿಎಚ್‌ಡಿ. ಹಾಗಾಗಿ ಎರಡನೇ ಕಂತಿನ ಅರೆಯುವಿಕೆ ನಡೆದಿದೆ.

೪. ಕಸ್ತೂರೆವ್ವ (ಇದೂ ಕರಡಿನದೇ, ಆಗ ನನಗೆ ಏನೂ ಗೊತ್ತಿರಲಿಲ್ಲ)

ಕಸ್ತೂರೆವ್ವನಿಗೆ ನಲವತ್ತೈದರ ಮೇಲೆ. ಕಾಲೇಜಿಗೆ ಬರುವ ಮೊದಲು ಹನ್ನೊಂದು ವರ್ಷ ಮೆಣಸಿನಕಾಯಿ ಕುಟ್ಟುವ ಗಿರಣಿಯಲ್ಲಿ ದುಡಿದವಳು. ಖಾರಪುಡಿ ನುಣ್ಣಗಾಯಿತೋ ಇಲ್ಲವೋ ಎಂಬುದನ್ನು ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿ ನೋಡುತ್ತಿದ್ದಳು, ಅನುಮಾನವಿದ್ದರೆ ನಾಲಿಗೆಯ ತುದಿಗೆ ಹಚ್ಚಿ ನೋಡುತ್ತಿದ್ದಳು. ಬೆರಳಿಗೆ ಸಿಗದ ಕರಕರ ನಾಲಿಗೆಗೆ ಸಿಗುತ್ತದಂತೆ. ಲ್ಯಾಬಿನ ಕರಿ ಪುಡಿಯನ್ನೂ ಹಾಗೆಯೇ ನೋಡುತ್ತಾಳೆ. ಅದೂ ಎಡಗೈ ಬೆರಳಿನಿಂದ, ಯಾಕೆಂದರೆ ಅರೆಯುವ ಬಲಗೈ ಎಂಜಲಾಗಬಾರದು. ಇದನ್ನು ನಾನು ಕಿಟಕಿಯಿಂದ ಕಣ್ಣಾರೆ ಕಂಡು, ಎಂಥ ಅದ್ಭುತ ವಿವರ ಎಂದು ಅಲ್ಲೇ ನೋಟ್‌ಬುಕ್ಕಿಗೆ ಇಳಿಸಿಕೊಂಡೆ.

ಗಿರಣಿಯಲ್ಲಿ ಒಂದು ದಿನ ಅವಳ ಬಲಗೈ ಬೆಲ್ಟಿಗೆ ಸಿಕ್ಕಿತು. ಕೈ ಹೋಯಿತು ಎಂದೇ ಎಲ್ಲರೂ ಅಂದುಕೊಂಡರು, ಆದರೆ ಎಲುಬು ಮುರಿದು ಕೂಡಿಕೊಂಡಿತು. ಅಂದು ಹರಕೆ ಹೊತ್ತಳು. ಪ್ರತಿ ಶ್ರಾವಣ ತಿಂಗಳೂ ಉಳ್ಳಾಗಡ್ಡಿ, ಬೆಳ್ಳುಳ್ಳಿ ಮುಟ್ಟುವುದಿಲ್ಲ, ಮತ್ತು ಊರ ಮಠದಲ್ಲಿ ಪುರಾಣ ನಡೆಯುವಷ್ಟು ದಿನವೂ ಸಂಜೆ ದಾಸೋಹಕ್ಕೆ ಅದೇ ಕೈಯಿಂದ ರೊಟ್ಟಿ ಬಡಿಯುತ್ತಾಳೆ. ಒಂಬತ್ತು ವರ್ಷ ತಪ್ಪಿಸಿಲ್ಲ.

ಈ ವರ್ಷ ಎರಡನೇ ವಾರಕ್ಕೆ ಅವಳ ಬಾಯಿಂದ ಬೆಳ್ಳುಳ್ಳಿ ವಾಸನೆ ಬರತೊಡಗಿತು. ಸಣ್ಣಗೆ ಅಲ್ಲ, ಹಸಿ ಬೆಳ್ಳುಳ್ಳಿ ಜಜ್ಜಿ ತಿಂದ ಹಾಗೆ. ಬಸ್ಸಿನಲ್ಲಿ ಬಾಜು ಕೂತವರು ಎದ್ದು ಹೋಗುತ್ತಿದ್ದರು. ನಮ್ಮ ಮನೆಯಲ್ಲಿ ಚಾತುರ್ಮಾಸಕ್ಕೆ ಬೆಳ್ಳುಳ್ಳಿ ಒಳಗೇ ಬರುವುದಿಲ್ಲವಾದ್ದರಿಂದ ನನ್ನ ಮೂಗು ಇಂಥದ್ದರಲ್ಲಿ ಬಲು ಚುರುಕು. ಕರಡಿನಲ್ಲಿ ಮುಂದಿನ ಸಾಲು ಹೀಗಿದೆ: "ಆಫೀಸಿನ ಕ್ಲರ್ಕ್ ಅಂದಾನೆಪ್ಪ, ಕಸ್ತೂರೆವ್ವನ ಶ್ರಾವಣಕ್ಕೆ ಒಗ್ಗರಣೆ ಬಿದ್ದಿದೆ ಎಂದು ಹೇಳಿ ಸ್ಟಾಫ್ ರೂಮನ್ನೆಲ್ಲ ನಗಿಸಿದ."

ಆ ಮಾತು ಒಂದೇ ದಿನದಲ್ಲಿ ಮಠದ ಅಡುಗೆಮನೆ ಮುಟ್ಟಿತು. ಅಲ್ಲಿ ಅಡುಗೆಯ ಯಜಮಾನಿಕೆ ತಾಯವ್ವನದು. ತಾಯವ್ವ ಕಸ್ತೂರೆವ್ವನನ್ನು ಹತ್ತಿರ ಕರೆದು, ಮೂಸಿ, ಹಿಟ್ಟಿಗೆ ಕೈ ಹಚ್ಚಬೇಡ ಎಂದು ಹೇಳಿ ಕಳಿಸಿದಳು. ಕಸ್ತೂರೆವ್ವ ಆಣೆ ಮಾಡಿದಳು, ಯಾರೂ ನಂಬಲಿಲ್ಲ. ಪುರಾಣ ಕೇಳುತ್ತ ಅವಳು ಕೂತಲ್ಲೇ ತೂಕಡಿಸಿದ್ದು ನೋಡಿ, ತಿಂದ ಅಮಲು ಎಂದೂ ಆಡಿಕೊಂಡರು. ತಾನು ತಿನ್ನದ ಬೆಳ್ಳುಳ್ಳಿ ತನ್ನ ಬಾಯಲ್ಲಿ ಹೇಗೆ ನಾರುತ್ತಿದೆ ಎಂದು ಅವಳಿಗೂ ದಿಗಿಲು. ಎಲ್ಲೋ ಅರಿಯದೆ ವ್ರತ ಮುರಿದಿರಬೇಕು ಎಂದು ತಾನೇ ನಂಬಿಕೊಂಡು, ಈ ಸೋಮವಾರದಿಂದ ಉಪವಾಸ ಹಿಡಿದಿದ್ದಾಳೆ. ವಾಸನೆ ಹೋಗುವವರೆಗೆ ಬೆಲ್ಲದ ನೀರು ಬಿಟ್ಟು ಬೇರೇನೂ ಇಲ್ಲ. ಶ್ರಾವಣ ಮುಗಿಯಲು ಇನ್ನು ಒಂಬತ್ತು ದಿನ. ಅಷ್ಟರೊಳಗೆ ಒಂದು ದಿನವಾದರೂ ರೊಟ್ಟಿ ಬಡಿಯಬೇಕೆಂಬುದೇ ಅವಳ ಹಟ.

ಇಷ್ಟೂ ನಾನು ತಮಾಷೆಯಾಗಿ ಬರೆದಿದ್ದೆ. ಉಪವಾಸವನ್ನೂ.

೫. ನಿನ್ನೆ ಸಂಜೆ ಐದೂವರೆ

ನನ್ನ ಹೆಂಡತಿ ಭಾವನಾ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಕರಡನ್ನು ಅವಳ ಕೈಗೆ ಕೊಟ್ಟು, ನಗುವ ಶಬ್ದ ಯಾವಾಗ ಬರುತ್ತದೋ ಎಂದು ಅಡುಗೆಮನೆಯಲ್ಲಿ ಚಹಾ ಸೋಸುತ್ತ ನಿಂತೆ. ಶಬ್ದ ಬರಲಿಲ್ಲ. ಹೊರಗೆ ಬಂದು ನೋಡಿದರೆ ಅವಳು ಕೊನೆಯ ಹಾಳೆಯಿಂದ ಮತ್ತೆ ಮೊದಲಿಗೆ ತಿರುಗಿಸಿ, ಪೆನ್ನಿನಿಂದ ಮೂರು ಕಡೆ ಗೆರೆ ಎಳೆದಿದ್ದಳು.

"ಪುಡಿಯೊಳಗ ಟೆಲ್ಲುರಿಯಂ ಅದ ಅಂತ ನೀವ ಬರದೀರಿ. ಆಕಿ ಅದನ್ನ ನಾಲಿಗಿಗೆ ಹಚ್ಚಿ ನೋಡ್ತಾಳ ಅಂತನೂ ಬರದೀರಿ. ಬಾಯಿ ಬಳ್ಳೊಳ್ಳಿ ನಾರ್ತದ ಅಂತನೂ ನೀವ ಬರದೀರಿ. ಮೂರೂ ಬರದು ನಕ್ಕೀರಲ್ರಿ."

ನನಗೆ ಅರ್ಥವಾಗಲಿಲ್ಲ. ಅವಳು ಹೇಳಿದಳು. ಟೆಲ್ಲುರಿಯಂ ಮೈಯೊಳಗೆ ಹೋದರೆ ಅದು ಉಸಿರಿನಲ್ಲಿ, ಬೆವರಿನಲ್ಲಿ ಬೆಳ್ಳುಳ್ಳಿ ವಾಸನೆಯಾಗಿಯೇ ಹೊರಬರುತ್ತದೆ. ಕಣ್ಣಿಗೆ ಕಾಣದಷ್ಟು ಹೋದರೂ ಸಾಕು, ವಾರಗಟ್ಟಲೆ, ತಿಂಗಳುಗಟ್ಟಲೆ ಉಳಿಯುತ್ತದೆ. ಬಾಯಿ ಒಣಗುತ್ತದೆ, ನಿದ್ದೆ ಒತ್ತಿಕೊಂಡು ಬರುತ್ತದೆ, ಹಸಿವು ಸಾಯುತ್ತದೆ. ಹೆಚ್ಚು ಹೋದರೆ ಮುಂದೆ ಏನಾಗುತ್ತದೆ ಎಂಬುದನ್ನು ಡಾಕ್ಟರೇ ಹೇಳಬೇಕು. ಆಕೆ ಇವತ್ತೂ ಅರೆದಿದ್ದಾಳೇನು ಎಂದು ಕೇಳಿದಳು.

ಅರೆದಿದ್ದಳು. ನಾನೇ ಕಿಟಕಿಯಿಂದ ನೋಡಿ ಬಂದಿದ್ದೆ.

ಚಹಾದ ಕಪ್ಪು ಎಲ್ಲಿಟ್ಟೆ ಎಂಬುದು ಈಗಲೂ ನೆನಪಿಲ್ಲ. ಎದೆ ಧಸಕ್ಕೆಂದಿತು ಎಂದು ನನ್ನ ಕಥೆಗಳಲ್ಲಿ ಎಷ್ಟೋ ಸಲ ಬರೆದಿದ್ದೇನೆ. ಹಾಗೆಂದರೆ ಏನೆಂದು ನಿನ್ನೆ ಗೊತ್ತಾಯಿತು. ಐವತ್ತೆರಡನೇ ವಯಸ್ಸಿನಲ್ಲಿ ಗೊತ್ತಾಯಿತು.

೬. ಕರಡು ಎರಡು (ಅರ್ಧ ಗಂಟೆ ಬಾಳಿತು)

ಮಲ್ಲಿಕಾಳಿಗೆ ಫೋನು ಹಚ್ಚಿದೆ. ಸ್ವಿಚ್ ಆಫ್. ಕಸ್ತೂರೆವ್ವನ ಹತ್ತಿರ ಫೋನಿಲ್ಲ, ಅವಳ ಊರು ಹನ್ನೆರಡು ಕಿಲೋಮೀಟರು. ಸ್ಕೂಟರು ಅಂಗಳದಲ್ಲಿಯೇ ಇತ್ತು. ನಾನು ಸ್ಕೂಟರು ಹತ್ತುವ ಬದಲು ಪೆನ್ನು ಹಿಡಿದೆ.

ನಿಮಗೆ ನಾಚಿಕೆಯಾದೀತು, ಆದರೂ ಹೇಳುತ್ತೇನೆ. ಕಥೆಯಲ್ಲಿ ಅವಳ ಬಾಯಿಂದ ವಾಸನೆಯನ್ನು ತೆಗೆದೆ. ನಾಲಿಗೆಯ ವಿವರ ಹೊಡೆದು ಹಾಕಿದೆ. ಟೆಲ್ಲುರಿಯಂ ಎಂಬ ಪದದ ಮೇಲೆ ಗೀಟೆಳೆದು "ಮತ್ತೊಂದು ಪುಡಿ" ಎಂದು ಮಾಡಿದೆ. ಹೊಸ ಕರಡಿನಲ್ಲಿ ಕಸ್ತೂರೆವ್ವ ಕೈಗವಸು ಹಾಕಿಕೊಂಡು, ಮಾಸ್ಕು ಕಟ್ಟಿಕೊಂಡು ಅರೆದಳು, ಸಂಜೆ ಮಠಕ್ಕೆ ಹೋಗಿ ರೊಟ್ಟಿ ಬಡಿದಳು. ಓದಿ ನೋಡಿದೆ. ಕಾಗದದ ಮೇಲೆ ಎಲ್ಲವೂ ಸರಿಯಾಗಿತ್ತು, ಕಾಗದದ ಹೊರಗೆ ಏನೂ ಬದಲಾಗಿರಲಿಲ್ಲ.

ಭಾವನಾ ಆ ಹಾಳೆ ಓದದೆಯೇ ಮಡಚಿ, ಬೆಳಗ್ಗೆ ನೀವು ಹೋಗುತ್ತೀರೋ ನಾನು ಹೋಗಲೋ ಎಂದಳು. ನಾನೇ ಹೋಗುತ್ತೇನೆ ಎಂದೆ. ಆಮೇಲೆ ಅವಳು ಇನ್ನೊಂದು ಮಾತು ಕೇಳಿದಳು. ಈ ಒಗ್ಗರಣೆಯ ಮಾತು ಅಂದಾನೆಪ್ಪ ಆಡುವಂಥದ್ದಲ್ಲವಲ್ಲ, ಅವನಿಗೆ ಇಷ್ಟು ಚುರುಕು ಎಲ್ಲಿಂದ ಬಂತು?

ಸರಿ, ಇಲ್ಲೇ ಹೇಳಿಬಿಡುತ್ತೇನೆ. ಪುಟಗಳೂ ಸಾಕಷ್ಟಾದವು. ಆ ಮಾತು ಆಡಿದವನು ನಾನು. ಅಂದಾನೆಪ್ಪ ಅಂದು ರಜೆಯಲ್ಲಿದ್ದ.

೭. ಇದು ಕರಡಲ್ಲ

ಹತ್ತೂವರೆಗೆ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಬಸ್ಸು ಬಂತು, ಕಸ್ತೂರೆವ್ವ ಬರಲಿಲ್ಲ. ಬೆಳಗಿನ ಟಂಟಂ ಆಟೋ ಹಿಡಿದು ಮೊದಲೇ ಬಂದಿದ್ದಾಳೆ ಎಂದು ಯಾರೋ ಹೇಳಿದರು. ನಾನು ಮನೆಯಲ್ಲಿ ಕೂತು ಈ ಕಥೆಯ ಎರಡನೇ ಭಾಗವನ್ನೋ ಮೂರನೇ ಭಾಗವನ್ನೋ ಬರೆಯುತ್ತಿದ್ದಾಗ ಅವಳು ಅರೆಯಲು ಕೂತಾಗಿತ್ತು. ನಿಮಗೆ ಗೂಟ, ದನ ಎಂದೆಲ್ಲ ವಿವರಿಸುತ್ತಿದ್ದೆನಲ್ಲ, ಆಗ.

ಓಡಿದೆ. ಲ್ಯಾಬಿನ ಬಾಗಿಲು ತಳ್ಳಿದಾಗ ಎಡಗೈ ಬೆರಳು ತುಟಿಯ ಹತ್ತಿರವಿತ್ತು. ನಾನು ಕೂಗಿದೆನೋ ಇಲ್ಲವೋ ತಿಳಿಯದು. ಮಲ್ಲಿಕಾ ಮೂಲೆಯ ಟೇಬಲ್ಲಿನಿಂದ ಎದ್ದು ಬಂದಳು. ನಿಂತಲ್ಲಿಯೇ ಇಬ್ಬರಿಗೂ ಹೇಳಿದೆ. ಭಾವನಾ ಹೇಳಿದ್ದನ್ನು ಹೇಳಿದ ಹಾಗೆಯೇ ಒಪ್ಪಿಸಿದೆ.

ಮಲ್ಲಿಕಾ ಸ್ಟೂಲಿನ ಮೇಲೆ ಕುಸಿದಳು. ಆ ಸಾಮಾನಿನ ಡಬ್ಬಿಯ ಜೊತೆ ಬಂದ ಎಚ್ಚರಿಕೆಯ ಹಾಳೆಯಲ್ಲಿಯೇ ಅದು ಬರೆದಿದೆ, ತಾನು ಓದಿದ್ದೇನೆ, ಪರೀಕ್ಷೆಗೂ ಓದಿದ್ದೆ ಎಂದಳು. ವಾಸನೆ ತನಗೂ ಬಂದಿತ್ತು. ರೂಮಿಗೆ ಹೊಡೆಯಲು ಸುಗಂಧದ ಬಾಟಲಿ ತಂದಿಟ್ಟಿದ್ದಳು, ಅದು ಕಿಟಕಿಯಲ್ಲಿಯೇ ಇತ್ತು.

"ನನಗ ಹೊಳೀಬೇಕಿತ್ತರಿ ಸರ. ನೀವು ಒಗ್ಗರಣಿ ಅಂದ್ರಿ, ನಾನೂ ನಕ್ಕೆ. ಉತ್ತರ ಸಿಕ್ಕಂಗಾತು, ಮುಂದ ವಿಚಾರನ ಮಾಡಲಿಲ್ಲ."

ಇಷ್ಟು ಹೇಳಿ ಅವಳು ಕಸ್ತೂರೆವ್ವನ ಕಡೆ ತಿರುಗಿ, ಕೈಗವಸು ಕೊಟ್ಟಿದ್ದೆನಲ್ಲ, ಮಾಸ್ಕು ಕೊಟ್ಟಿದ್ದೆನಲ್ಲ, ಯಾಕೆ ತೆಗೆದೆ ಎಂದು ಕೇಳಿದಳು. ಕಸ್ತೂರೆವ್ವ ಇಬ್ಬರನ್ನೂ ಒಂದು ಸಲ ನೋಡಿದಳು. ಇಂಥ ಸುಲಭದ ಪ್ರಶ್ನೆ ಕೇಳುತ್ತಿದ್ದಾರಲ್ಲ ಎಂಬಂತೆ ನೋಡಿದಳು.

"ಕೈಗ ಹಾಕ್ಕೊಳ್ಳೂದು ಪುಡಿ ಮೈಲಿಗಿ ಆಗಬಾರದಂತ ಅಲ್ಲೇನ್ರಿ? ದೇವರ ಎಡಿ ಮಾಡಬೇಕಾರ ನಾವು ಬಾಯಿ ಕಟ್ಕೊಂತೀವಲ್ರಿ, ಹಂಗ. ಶ್ರಾವಣದಾಗ ನಾ ದಿನಾ ತಲಿ ಮ್ಯಾಲ ನೀರ ಹಾಕ್ಕೊಂಡು ಮಡೀಲೆ ಬರ್ತೀನಿ. ನನ್ನ ಕೈ ಸ್ವಚ್ಛ ಇದ್ದಿಂದ ಅದರದೇನ ಕೆಲಸ ಅಂತ ತಗದಿಟ್ಟೆ. ಆ ಕೈಚೀಲ ಹಾಕ್ಕೊಂಡ್ರ ನುಣುಪು ಗೊತ್ತಾಗೂದಿಲ್ಲರಿ."

ಹಾಗಾದರೆ ಆಷಾಢದವರೆಗೂ ಅವಳು ಕೈಗವಸು ಹಾಕಿಯೇ ಕೆಲಸ ಮಾಡಿದ್ದಳು. ವ್ರತ ಹಿಡಿದ ಮೇಲೆ ತೆಗೆದಿದ್ದಳು. ವ್ರತದ ಶುದ್ಧ ಕೈ, ಅದರ ಬೆರಳು, ನಾಲಿಗೆ ಎಲ್ಲ ಸೇರಿ ಪುಡಿಯನ್ನು ಅಷ್ಟು ಸಮನಾಗಿ ಅರೆದಿದ್ದವು. ಎರಡೂವರೆ ಪಟ್ಟು ಬಂದದ್ದು ಅಲ್ಲಿಂದ. ನಾವು ಕೈಗವಸು ಕೊಟ್ಟದ್ದು ಅವಳನ್ನು ಉಳಿಸುವುದಕ್ಕೆ ಎಂಬುದು ಅವಳ ತಲೆಗೆ ಹೊಳೆದೇ ಇರಲಿಲ್ಲ. ಒಂದು ಕಾಲೇಜು ತನ್ನ ಪುಡಿಗಿಂತ ತನ್ನ ಅಟೆಂಡರಳ ಕಾಳಜಿ ಮಾಡುತ್ತದೆ ಎಂದು ಅವಳು ಯಾಕಾದರೂ ಅಂದುಕೊಳ್ಳಬೇಕು? ಇದನ್ನು ಅವಳು ಕೇಳಲಿಲ್ಲ. ನಾನು ಕೇಳಿಕೊಳ್ಳುತ್ತಿದ್ದೇನೆ.

ವಿಷ ಎಂಬ ಮಾತು ನಾನು ಆಡಿಯಾಗಿತ್ತು. ಅವಳು ಹೆದರಿಯಾಳು, ಅತ್ತಾಳು ಎಂದು ಕಾಯುತ್ತಿದ್ದೆ. (ಅಳುವ ಸಾಲನ್ನು ದಾರಿಯಲ್ಲಿಯೇ ಮನಸ್ಸಿನಲ್ಲಿ ಬರೆದೂ ಇಟ್ಟುಕೊಂಡಿದ್ದೆ. ಈ ಚಟ ಸಾಯುವುದಿಲ್ಲ.) ಅವಳು ಗೋಡೆ ಹಿಡಿದು ನಿಧಾನ ಕೆಳಗೆ ಕೂತಳು. ಮುಖ ಅರಳಿತು. ನಿಜವಾಗಿಯೂ ಅರಳಿತು.

"ಹಂಗಾರ ನಾ ಬಳ್ಳೊಳ್ಳಿ ತಿಂದಿಲ್ಲ, ಹೌದಲ್ರಿ?"

ತಿಂದಿಲ್ಲ ಎಂದೆ. ನಿಮ್ಮ ಪುಸ್ತಕದಲ್ಲಿ ಹಾಗೆಂದು ಇದೆಯೋ ಎಂದು ಕೇಳಿದಳು. ಇದೆ ಎಂದೆ. ಹಾಗಾದರೆ ಅದನ್ನು ಒಂದು ಹಾಳೆಯಲ್ಲಿ ಬರೆದು ಕಾಲೇಜಿನ ಸಿಕ್ಕಾ (ಮೊಹರು) ಹೊಡೆದು ಕೊಡಿರಿ, ತಾಯವ್ವನಿಗೆ ತೋರಿಸಬೇಕು ಎಂದಳು. ಡಾಕ್ಟರ ಹತ್ತಿರ ಹೋಗೋಣ ಎಂದು ಮಲ್ಲಿಕಾ ಅತ್ತುಕೊಂಡು ಹೇಳುತ್ತಿದ್ದಳು. ಹೋಗೋಣ, ಮೊದಲು ಹಾಳೆ ಎಂದು ಕಸ್ತೂರೆವ್ವ ಕೂತೇ ಇದ್ದಳು.

೮. ಮುಕ್ತಾಯಗಳು (ಬೇಕಾದ್ದನ್ನು ಆರಿಸಿಕೊಳ್ಳಬಹುದು ಎಂದು ಮೊದಲು ಅಂದುಕೊಂಡಿದ್ದೆ)

ಮುಕ್ತಾಯ ಒಂದು. ಪ್ರಿನ್ಸಿಪಾಲರು ವಿಷಯ ಕೇಳಿ ಕಣ್ಣಲ್ಲಿ ನೀರು ತಂದುಕೊಂಡು ಕೂಡಲೇ ಸಿಕ್ಕಾ ಒತ್ತುತ್ತಾರೆ. ಇದನ್ನು ಬರೆದು ನೋಡಿದೆ, ಪ್ರಿನ್ಸಿಪಾಲರೇ ಒಪ್ಪಲಿಲ್ಲ. ನಿಜದಲ್ಲಿ ನಡೆದದ್ದು ಬೇರೆ. ಅವರಿಗೂ ಆಘಾತವಾಗಿತ್ತು, ಅದು ಸುಳ್ಳಲ್ಲ. ಎರಡು ಗ್ಲಾಸು ನೀರು ಕುಡಿದರು. ಆಮೇಲೆ ಬಾಗಿಲು ಮುಚ್ಚಿಸಿ, ಆಕೆಯ ಆಸ್ಪತ್ರೆ ಖರ್ಚು ನೋಡಿಕೊಳ್ಳೋಣ, ಆಕೆಯನ್ನು ಲೈಬ್ರರಿ ಕೆಲಸಕ್ಕೆ ಹಾಕೋಣ, ಆದರೆ ಬರವಣಿಗೆಯಲ್ಲಿ ಏನೂ ಬೇಡ ಎಂದರು. ಬೆಳ್ಳುಳ್ಳಿ ತಿಂದಿಲ್ಲ ಎಂದು ಬರೆದರೆ ಮತ್ತೇನು ತಿಂದಳು ಎಂದು ಕೇಳುತ್ತಾರಲ್ಲ? ಅವಳನ್ನು ಬಿಡಿಸುವ ಹಾಳೆಯೇ ಕಾಲೇಜನ್ನು ಹಿಡಿದುಕೊಡುವ ಹಾಳೆ. ಅವರ ಲೆಕ್ಕ ಸರಿಯಾಗಿಯೇ ಇತ್ತು.

ಮುಕ್ತಾಯ ಎರಡು. ಮಲ್ಲಿಕಾ ತನ್ನ ಪೇಪರಿನಲ್ಲಿ ಕಸ್ತೂರೆವ್ವನ ಹೆಸರು ಹಾಕುತ್ತಾಳೆ. ಇದಕ್ಕೆ ಮಲ್ಲಿಕಾ ಸಿಟ್ಟಾದಳು. ಪೇಪರಿನಲ್ಲಿ "ಪುಡಿಯನ್ನು ಕೈಯಿಂದ ಅರೆಯಲಾಯಿತು" ಎಂದು ಬರೆದಾಗಿದೆ, ಯಾರ ಕೈ ಎಂದು ಅಲ್ಲಿ ಬರೆಯುವ ಪದ್ಧತಿ ಇಲ್ಲ, ಇನ್ನು ಆ ಫಲಿತಾಂಶವನ್ನು ಮತ್ತೆ ತೋರಿಸಬೇಕೆಂದರೆ ಆ ಕೈ, ಆ ನಾಲಿಗೆ ಬೇಕು, ಅದನ್ನು ತಾನು ಈ ಜನ್ಮದಲ್ಲಿ ಕೇಳುವುದಿಲ್ಲ ಎಂದಳು. ಆರು ವರ್ಷದ ಕೆಲಸದ ಬಗ್ಗೆ ಆಡಿದ ಮಾತು ಅದು. ನಿಮ್ಮ ಕಥೆಗೆ ನನ್ನನ್ನು ಒಳ್ಳೆಯವಳು ಮಾಡುವ ಗಡಿಬಿಡಿ ಬೇಡ, ಸರ ಎಂದೂ ಹೇಳಿದಳು.

ಮುಕ್ತಾಯ ಮೂರು. ಕಥೆಗಾರ ಈ ಕಥೆಯನ್ನೇ ಕಸ್ತೂರೆವ್ವನ ಕೈಗೆ ಕೊಡುತ್ತಾನೆ, ಸಿಕ್ಕಾ ಇಲ್ಲದಿದ್ದರೇನು, ಸಾಹಿತ್ಯವಿದೆ. ನಾಚಿಕೆಯಿಲ್ಲದೆ ಇದನ್ನು ಅವಳ ಮುಂದೆ ಹೇಳಿಯೂ ಹೇಳಿದೆ.

"ಕಥಿ ಬ್ಯಾಡ್ರಿ ಸರ. ಕಥಿ ಅಂದ್ರ ಸುಳ್ಳ ಅಂತಾರ. ಒಂದ ಸಾಲು ಬರದು ನಿಮ್ಮ ಹೆಸರ ಹಾಕ್ರಿ. ನೀವ ಅಂದಿದ್ರಂತಲ್ಲ, ನೀವ ಬರೀರಿ."

ಗೊತ್ತಿತ್ತು ಅವಳಿಗೆ. ಹತ್ತು ಹನ್ನೆರಡು ದಿನದಿಂದ ಗೊತ್ತಿತ್ತು. ದಿನಾ ನಮಸ್ಕಾರ ಸರ ಎನ್ನುತ್ತಲೇ ಇದ್ದಳು. ಹಾಳೆ ತೆಗೆದು ಬರೆದೆ. ಅವಳು ಬೆಳ್ಳುಳ್ಳಿ ತಿಂದಿಲ್ಲ, ನಮ್ಮ ಲ್ಯಾಬಿನ ಪುಡಿ ಅವಳ ಹೊಟ್ಟೆಗೆ ಹೋಗಿದೆ, ಉಸಿರಿನಲ್ಲಿ, ಬೆವರಿನಲ್ಲಿ ಬರುವ ವಾಸನೆ ಅದರದು, ಒಗ್ಗರಣೆಯ ಮಾತು ಆಡಿದವನು ನಾನು, ಅದು ಸುಳ್ಳು ಎಂದು ಬರೆದು ಪೂರ್ತಿ ಹೆಸರು, ಹುದ್ದೆ, ತಾರೀಖು ಹಾಕಿದೆ. ಮೂವತ್ತು ವರ್ಷದಲ್ಲಿ ನಾನು ಬರೆದದ್ದರಲ್ಲಿ ಒಂದೂ ತಮಾಷೆಯಿಲ್ಲದ ಹಾಳೆ ಅದೊಂದೇ. ಇದರಿಂದ ನನ್ನ ನೌಕರಿಗೆ ಏನಾಗುತ್ತದೆ ಎಂಬುದು ಸೋಮವಾರ ಗೊತ್ತಾಗುತ್ತದೆ. ಅದು ಈ ಕಥೆಯಲ್ಲಿ ಬರುವುದಿಲ್ಲ.

೯

ಡಾಕ್ಟರು ರಕ್ತ, ಮೂತ್ರ ತೆಗೆದುಕೊಂಡು ಹುಬ್ಬಳ್ಳಿಗೆ ಕಳಿಸಿದರು. ಇನ್ನು ಮೇಲೆ ಅದನ್ನು ಮುಟ್ಟದಿದ್ದರೆ ತಾನಾಗಿಯೇ ಕಡಿಮೆಯಾಗುವ ಸಂಭವ ಹೆಚ್ಚು, ಆದರೆ ಮೊದಲು ಊಟ ಮಾಡಬೇಕು ಎಂದರು. ಊಟ ಮಠದಲ್ಲಿಯೇ ಎಂದು ಕಸ್ತೂರೆವ್ವ ಹಟ ಹಿಡಿದಳು. ಸಂಜೆ ಐದರ ಹೊತ್ತಿಗೆ ಅವಳನ್ನು ಸ್ಕೂಟರಿನ ಹಿಂದೆ ಕೂಡಿಸಿಕೊಂಡು ಅವಳ ಊರಿಗೆ ಹೋದೆ. ದಾರಿಯುದ್ದಕ್ಕೂ ಬೆನ್ನ ಹಿಂದಿನಿಂದ ಆ ವಾಸನೆ ಬರುತ್ತಿತ್ತು. ಒಂದು ಸಲವೂ ಮುಖ ತಿರುಗಿಸಲಿಲ್ಲ ಎಂದು ಹೇಳಿಕೊಳ್ಳಬಹುದು, ಆದರೆ ಸ್ಕೂಟರು ಓಡಿಸುವವನು ಮುಂದೆಯೇ ನೋಡಬೇಕಲ್ಲ.

ಮಠದ ಅಡುಗೆಮನೆಯಲ್ಲಿ ಏಳೆಂಟು ಹೆಂಗಸರು ಹಿಟ್ಟು ನಾದುತ್ತಿದ್ದರು. ತಾಯವ್ವನಿಗೆ ಓದು ಬರುವುದಿಲ್ಲ. ನೀವೇ ಗಟ್ಟಿಯಾಗಿ ಓದಿರಿ ಎಂದಳು. ನಿಂತು ಓದಿದೆ. ಒಗ್ಗರಣೆಯ ಸಾಲನ್ನೂ ಬಿಡದೆ ಓದಿದೆ. ಯಾರೂ ನಗಲಿಲ್ಲ. ರೊಟ್ಟಿ ಬಡಿಯುವ ಸದ್ದು ಒಂದೊಂದಾಗಿ ನಿಂತಿತು.

ತಾಯವ್ವ ಎದ್ದು ಬಂದು ಕಸ್ತೂರೆವ್ವನ ಎರಡೂ ಭುಜ ಹಿಡಿದಳು. ನಿನ್ನ ಮೇಲೆ ಸುಳ್ಳು ಹೊರಿಸಿದೆ, ತಪ್ಪಾಯಿತು ಎಂದಳು. ಎಲ್ಲರ ಮುಂದೆ ಹೇಳಿದಳು. ಕಸ್ತೂರೆವ್ವ ಈಗ ಅತ್ತಳು. ನನಗೂ ನಿರಾಳವಾಯಿತು. ಕಥೆ ಮುಗಿಯುವ ಜಾಗ ಇದು ಎಂದು ನನಗೆ ಅನ್ನಿಸಿದ್ದೂ ಹೌದು. ಇಲ್ಲಿಯೇ ಮುಗಿಸಿದ್ದರೆ ನೀವೂ ನನ್ನನ್ನು ಸ್ವಲ್ಪ ಕ್ಷಮಿಸಿ ಮನೆಗೆ ಹೋಗುತ್ತಿದ್ದಿರಿ.

ಕಸ್ತೂರೆವ್ವ ಕಣ್ಣೊರೆಸಿಕೊಂಡು, ಸೆರಗು ಕಟ್ಟಿಕೊಂಡು, ಹಿಟ್ಟಿನ ಬೋಗುಣಿಯ ಕಡೆ ನಡೆದಳು. ತಾಯವ್ವ ಅವಳನ್ನು ತಡೆದಳು. ಒರಟಾಗಿ ಅಲ್ಲ, ಮೆಲ್ಲಗೆ, ತೋಳು ಹಿಡಿದು ತಡೆದಳು. ನಂತರ ನನ್ನನ್ನು ಕೇಳಿದಳು.

"ನೀವ ಓದಿದ್ರಲ್ರಿ ಸರ, ಆ ಪುಡಿ ಈಕಿ ಮೈಯಾಗ ಐತಿ, ಬೆವರಿನಾಗೂ ಬರ್ತೈತಿ ಅಂತ. ಇಲ್ಲಿ ನಾಕನೂರು ಮಂದಿ ಉಣ್ತಾರ. ಸಣ್ಣ ಹುಡುಗರ ಅದಾವ. ಈಕಿ ನಾದಿದ ಹಿಟ್ಟು ಹ್ಯಾಂಗ ಹಾಕ್ಲಿ, ನೀವ ಹೇಳ್ರಿ."

ನಾನು ಹಾಳೆಯನ್ನು ನೋಡಿದೆ. ಬೆವರಿನ ವಿಷಯ ಬರೆದವನೂ ನಾನೇ. ಅವಳ ಮಾತು ನಿಜವಾಗಲಿ ಎಂದು, ಪೂರ್ತಿಯಾಗಿರಲಿ ಎಂದು, ಒಂದನ್ನೂ ಬಿಡದೆ ಬರೆದಿದ್ದೆ. ಇಷ್ಟು ದಿನ ಅವಳನ್ನು ಹಿಟ್ಟಿನಿಂದ ದೂರ ಇಟ್ಟದ್ದು ನನ್ನ ಸುಳ್ಳು. ಇನ್ನು ಮೇಲೆ ದೂರ ಇಡುವುದು ನನ್ನ ಸತ್ಯ. ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಭಾವನಾಳೂ ಯೋಚಿಸಿರಲಿಲ್ಲ. ಬೆವರಿನಿಂದ ಹಿಟ್ಟಿಗೆ ಬರುವುದು ಎಷ್ಟು, ಅದರಿಂದ ಏನಾದರೂ ಆಗುತ್ತದೆಯೇ, ಸೋಪಿನಿಂದ ತೊಳೆದರೆ ಸಾಕೇ, ನನಗೆ ಗೊತ್ತಿಲ್ಲ. ನಾನು ಕನ್ನಡ ಮೇಷ್ಟ್ರು.

ಗೊತ್ತಿಲ್ಲ ಎಂದೆ. ತಾಯವ್ವ ತಲೆಯಾಡಿಸಿ, ಕಸ್ತೂರೆವ್ವನನ್ನು ಗೋಡೆಯ ಬದಿ ಕೂಡಿಸಿ, ತಾಟಿನಲ್ಲಿ ಬಿಸಿ ರೊಟ್ಟಿ, ಹೆಸರುಕಾಳಿನ ಪಲ್ಯ, ಮೊಸರು ಹಾಕಿ ತಂದಿಟ್ಟಳು. ಬೆಳ್ಳುಳ್ಳಿ ಹಾಕದ್ದು. ಐದು ದಿನದ ಉಪವಾಸ, ಉಣ್ಣವ್ವಾ ಎಂದು ತಲೆ ಸವರಿದಳು.

ಕಸ್ತೂರೆವ್ವ ಎದ್ದು ಬಚ್ಚಲಿಗೆ ಹೋಗಿ ಕೈ ತೊಳೆದು ಬಂದಳು. ಕೂತಳು. ಮತ್ತೆ ಎದ್ದು ಹೋಗಿ ತೊಳೆದು ಬಂದಳು. ಬಲಗೈಯನ್ನು ತಾಟಿನ ಮೇಲೆ ಹಿಡಿದು, ಅಂಗೈ ಮೇಲೆ ಮಾಡಿ, ಕೆಳಗೆ ಮಾಡಿ ನೋಡಿದಳು. ರೊಟ್ಟಿ ಮುರಿಯಲಿಲ್ಲ. ನನ್ನ ಕಡೆ ನೋಡಿದಳು. ಆ ಮುಖದಲ್ಲಿ ನನ್ನ ಮೇಲೆ ಸಿಟ್ಟೇನೂ ಇರಲಿಲ್ಲ, ಬರೀ ಹೆದರಿಕೆಯಿತ್ತು. ಬೆಳಗ್ಗೆ ಲ್ಯಾಬಿನಲ್ಲಿ ಬರಬೇಕಿದ್ದ ಹೆದರಿಕೆ ಅದು.

"ಸರ, ನನ್ನ ಕೈಲೆ ನಾ ಉಣ್ಣಬೋದೇನ್ರಿ?"

ಇಲ್ಲಿಗೆ ನಿಲ್ಲಿಸುತ್ತೇನೆ, ಮುಗಿಸುವುದಿಲ್ಲ. ಬೇಕಾದರೆ ಹೂಂ ಎಂದು ಬರೆಯಬಹುದು, ಊಹೂಂ ಎಂದೂ ಬರೆಯಬಹುದು. ಎರಡನ್ನೂ ಚೆನ್ನಾಗಿ ಬರೆಯಬಲ್ಲೆ. ಆದರೆ ಅವಳು ನನ್ನನ್ನು ಒಳ್ಳೆಯ ಸಾಲು ಕೇಳಿಲ್ಲ, ಉತ್ತರ ಕೇಳಿದ್ದಾಳೆ. ಭಾವನಾಳಿಗೆ ಫೋನು ಹಚ್ಚಿದ್ದೇನೆ. ರಿಂಗಾಗುತ್ತಿದೆ. ರೊಟ್ಟಿ ಆರುತ್ತಿದೆ.